ಮೈನಸ್ 20ರಲ್ಲಿ ಕುದುರೆ ಹತ್ತಬಹುದಾ? ಮೊದಲ ಚಳಿಗಾಲ, ಸ್ವಲ್ಪ ಗಾಬರಿ

ಹೊಸಸವಾರಳು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಮೂಲೆಯಲ್ಲಿ ಕೂತು ಓದ್ತಿದ್ದೆ, ಇವತ್ತು ಬರೀದೆ ಬೇರೆ ದಾರಿ ಇಲ್ಲ. ನನ್ನ ಹತ್ರ ಹದಿಮೂರು ವರ್ಷದ ಹೆಣ್ಣುಕುದುರೆ ಇದೆ, ಹೆಸರು ಮಿಂಚು, ತೂಕ ಸುಮಾರು 500 ಕೆಜಿ. ಇಷ್ಟು ಕೊರೆಯೋ ಚಳಿಯಲ್ಲಿ ಕುದುರೆ ಸಾಕ್ತಿರೋದು ಇದೇ ಮೊದಲು. ಒಂದು ವಾರದಿಂದ ರಾತ್ರಿ ಮೈನಸ್ 22, ಮಧ್ಯಾಹ್ನ ಹೆಚ್ಚಂದ್ರೆ ಮೈನಸ್ 14.

ಎಷ್ಟು ಡಿಗ್ರಿಗೆ ಸವಾರಿ ನಿಲ್ಲಿಸಬೇಕು? ಒಬ್ಬೊಬ್ರು ಒಂದೊಂದು ಹೇಳ್ತಾರೆ. ಇನ್ನೊಂದು, ನಿನ್ನೆ ಬೆಳಿಗ್ಗೆ ಹೋಗಿ ನೋಡಿದ್ರೆ ಬೆನ್ನ ಮೇಲೆ ಮೂರು ಬೆರಳು ದಪ್ಪ ಹಿಮ ಹೊತ್ಕೊಂಡು ನಿಂತಿದ್ಳು. ನನಗೆ ಅಳುನೇ ಬಂತು. ಓಡಿಹೋಗಿ ಎಲ್ಲ ಗುಡಿಸಿ ಹಾಕಿದೆ. ಲಾಯದ ಕಿಟಕಿ, ಬಾಗಿಲ ಸಂದಿ ಎಲ್ಲ ಮುಚ್ಚಿದೀನಿ. ಮೇವು ಚೆನ್ನಾಗೇ ತಿಂತಾಳೆ. ತೊಟ್ಟಿಗೆ ಹೀಟರ್ ಹಾಕಿಸಿರೋದ್ರಿಂದ ನೀರು ಹೆಪ್ಪುಗಟ್ಟಲ್ಲ. ಆದ್ರೂ ಸ್ವಲ್ಪ ಕಮ್ಮಿ ಕುಡೀತಿದಾಳೆ. ಚಳಿಗೆ ಬಾಯಾರಿಕೆ ಆಗಲ್ವಲ್ಲ, ಸಹಜ ಅಂದ್ಕೊಂಡಿದೀನಿ.

ದಯವಿಟ್ಟು ಸವಾರಿ ವಿಷಯ ಮೊದಲು ಹೇಳಿ. ಹತ್ತು ದಿನದಿಂದ ನಿಂತಲ್ಲೇ ನಿಂತಿದಾಳೆ, ಪಾಪ.

ಕಂಬಳಿಪಕ್ಷ

ಮೈನಸ್ 22 ಅಂದ್ರೆ ಯೋಚನೆನೇ ಬೇಡ. ಒಳಗೆ 300 ಗ್ರಾಂ ಭರ್ತಿ ಇರೋ, ಮೇಲೆ ನೀರು ಇಳಿಯದ ಬಟ್ಟೆ ಇರೋ ಹೊದಿಕೆ ಹಾಕಿ, ಕತ್ತಿನ ಭಾಗನೂ ಇರೋದನ್ನ ತಗೊಳ್ಳಿ. ನಾನು ಎರಡು ಕುದುರೆಗೂ ಚಳಿ ಶುರುವಾದ ದಿನದಿಂದ ಹಾಕಿಟ್ಟಿರ್ತೀನಿ. ನೀವು ಕೋಟಿಲ್ಲದೆ ಹೊರಗೆ ನಿಲ್ತೀರಾ? ಹಾಗೇ ಅವಕ್ಕೂ.

ಹಳೇಲಗಾಮು

ನಾನು ಕೋಟಿಲ್ಲದೆ ನಿಲ್ಲಲ್ಲ ಸ್ವಾಮಿ. ಆದ್ರೆ ನನ್ನ ಮೈಮೇಲೆ ಎರಡು ಅಂಗುಲ ಕೂದಲೂ ಇಲ್ಲ, ಹೊಟ್ಟೆಯಲ್ಲಿ ಹಗಲೂ ರಾತ್ರಿ ಉರಿಯೋ ಒಲೆಯೂ ಇಲ್ಲ. ಕುದುರೆಗೆ ಎರಡೂ ಇವೆ.

ನೋಡಮ್ಮ, ಬೆನ್ನ ಮೇಲೆ ಹಿಮ ಕರಗದೆ ನಿಂತಿತ್ತು ಅಂದ್ಯಲ್ಲ, ಅದು ಒಳ್ಳೇ ಸುದ್ದಿ. ಒಳಗಿನ ಶಾಖ ಹೊರಗೆ ಬರ್ತಿಲ್ಲ ಅಂತ ಅರ್ಥ. ಹಿಮ ಕರಗಿ ಮೈಯೆಲ್ಲ ಒದ್ದೆಯಾಗಿದ್ರೆ ನಾನೂ ಗಾಬರಿ ಬೀಳ್ತಿದ್ದೆ. ಚಳಿಗಾಲದ ರೋಮ ಚಳಿ ಬಿದ್ದ ಮೇಲೆ ಬೆಳೆಯೋದಲ್ಲ. ಹಗಲು ಗಿಡ್ಡವಾಗ್ತಾ ಬಂದ ಹಾಗೆ, ಬೇಸಿಗೆ ನಡುವಿಂದಲೇ ಮೈ ಅದಕ್ಕೆ ತಯಾರಿ ಶುರು ಮಾಡಿರುತ್ತೆ. ಚಳಿಯಾದಾಗ ಒಂದೊಂದು ರೋಮವೂ ನಿಮಿರಿ ನಿಲ್ಲುತ್ತೆ, ನಡುವೆ ಗಾಳಿ ಸಿಕ್ಕಿಹಾಕ್ಕೊಳ್ಳುತ್ತೆ. ಆ ಗಾಳಿನೇ ಅದರ ಕಂಬಳಿ. ಅಂಗೈಯಿಂದ ರಪರಪ ಗುಡಿಸಿ ರೋಮ ಚಪ್ಪಟೆ ಮಾಡಿದ್ರೆ ಕಟ್ಟಿಕೊಟ್ಟ ಕಂಬಳಿನ ನೀನೇ ಕಿತ್ತ ಹಾಗೆ.

ಹೊಂದಿಕೊಂಡ, ಮೈಯೆಲ್ಲ ಒಣಗಿರೋ, ಮೈತುಂಬಿದ ಕುದುರೆ ಮೈನಸ್ 10, ಮೈನಸ್ 15ರವರೆಗೂ ಹೆಚ್ಚುವರಿ ಶಕ್ತಿ ಖರ್ಚು ಮಾಡದೆ ತಡ್ಕೊಳ್ಳುತ್ತೆ. ಅದೇ ಕುದುರೆ ತೊಪ್ಪೆಯಾಗಿ ನೆನೆದ್ರೆ ಸೊನ್ನೆಗಿಂತ ಮೇಲೆ 5 ಡಿಗ್ರಿಗೇ ನಡುಗೋಕೆ ಶುರು. ಮೈನಸ್ 15ರ ಒಣ ಚಳಿಗಿಂತ 2 ಡಿಗ್ರಿಯ ಜಿಟಿಜಿಟಿ ಮಳೆ, ಅದರ ಜೊತೆ ಗಾಳಿ, ಅದಕ್ಕೆ ನಾನು ಹೆದರೋದು. ಥರ್ಮಾಮೀಟರ್ ನೋಡೋ ಮುಂಚೆ ಆಕಾಶ ನೋಡು.

ಸವಾರಿ ವಿಷಯ ಆಮೇಲೆ ಬರೀತೀನಿ, ಕುದುರೆಗಳಿಗೆ ಮೇವು ಹಾಕೋ ಹೊತ್ತಾಯ್ತು.

ಸ್ಟೆತಸ್ಕೋಪು

ಸವಾರಿ, ಕಂಬಳಿ ಎಲ್ಲ ಆಮೇಲೆ. "ನೀರು ಸ್ವಲ್ಪ ಕಮ್ಮಿ" ಅಂತ ಒಂದು ಸಾಲಲ್ಲಿ ಬರೆದು ಮುಂದೆ ಹೋಗಿಬಿಟ್ರಲ್ಲ, ಅಲ್ಲಿಗೆ ವಾಪಸ್ ಬನ್ನಿ. ಕಮ್ಮಿ ಅಂದ್ರೆ ಎಷ್ಟು? ಲದ್ದಿ ದಿನಕ್ಕೆ ಎಷ್ಟು ಸಲ, ಹೇಗಿದೆ? ಈಗ ಲಾಯದಲ್ಲೇ ಇದ್ರೆ ನೋಡಿ ಹೇಳಿ, ಕಾಯ್ತಿರ್ತೀನಿ.

ಹೊಸಸವಾರಳು

ಡಾಕ್ಟ್ರೇ, ಈಗ ನೋಡಿ ಬಂದೆ. ನಿನ್ನೆ ಸಂಜೆಯಿಂದ ಇವತ್ತು ಸಂಜೆಯವರೆಗೆ ಐದು ಗುಡ್ಡೆ. ಉಂಡೆಗಳು ಚಿಕ್ಕವು, ಗಟ್ಟಿ. ಬೂಟಿನಿಂದ ಒದ್ರೆ ಉರುಳುತ್ತೆ, ಒಡೆಯಲ್ಲ. ಹೆಪ್ಪುಗಟ್ಟಿರಬೇಕು ಅಂದ್ಕೊಂಡಿದ್ದೆ. ಆದ್ರೆ ಈಗಷ್ಟೇ ಹಾಕಿದ್ದೂ ಹಾಗೇ ಇದೆ, ಮೇಲೆ ಏನೋ ಲೋಳೆ ಮೆತ್ತಿದ ಹಾಗೆ. ನೀರು ಎಷ್ಟು ಅಂತ ಗೊತ್ತಿಲ್ಲ, ತೊಟ್ಟಿ ದೊಡ್ಡದು. ಆದ್ರೆ ಎರಡು ದಿನದಿಂದ ನಾನು ನೀರೇ ತುಂಬಿಸಿಲ್ಲ ಅಂತ ಈಗ ಹೊಳೀತು.

ಸ್ಟೆತಸ್ಕೋಪು

ಈಗಲೇ ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ. ಬೆಳಿಗ್ಗೆ ನೋಡೋಣ ಅನ್ನಬೇಡಿ.

ಅವರು ಬರೋವರೆಗೆ ಹೀಗೆ ಮಾಡಿ. ಬಕೆಟ್‌ನಲ್ಲಿ ಉಗುರುಬೆಚ್ಚಗಿನ ನೀರು ಇಡಿ, ತೊಟ್ಟಿ ಪಕ್ಕದಲ್ಲಲ್ಲ, ಬೇರೆ ಜಾಗದಲ್ಲಿ. ಒಣಹುಲ್ಲು ಸದ್ಯಕ್ಕೆ ತೆಗೆದಿಡಿ. ವಸಡು ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಕೆಂಪು ವಾಪಸ್ ಬರಬೇಕು. ವಸಡು ಅಂಟಂಟಾಗಿ ಒಣಗಿದ್ರೆ ಅದನ್ನ ಡಾಕ್ಟ್ರಿಗೆ ಹೇಳಿ. ನಾಡಿ ಎಣಿಸಿ, ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತೆ. ಮೈಶಾಖ 37.5ರಿಂದ 38.5. ಕಾಲಿಂದ ನೆಲ ಕೆರೆಯೋದು, ತಿರುತಿರುಗಿ ಪಕ್ಕೆ ನೋಡೋದು, ಮೇಲ್ದುಟಿ ಸುರುಳಿ ಮಾಡೋದು, ಮಲಗಿ ಎದ್ದು ಮತ್ತೆ ಮಲಗೋದು ಕಂಡ್ರೆ ಇನ್ನೊಂದು ಸಲ ಫೋನ್ ಮಾಡಿ ಅವಸರ ಮಾಡಿ. ನೋವಿನ ಔಷಧಿ ನೀವಾಗೇ ಕೊಡಬೇಡಿ.

ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ಹಸಿಹುಲ್ಲಿನಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತೆ. ಒಣಹುಲ್ಲಿನಲ್ಲಿ ನೂರಕ್ಕೆ ಹದಿನೈದೂ ಇರಲ್ಲ. ಚಳಿಗಾಲದಲ್ಲಿ ಮೇವು ಪೂರ್ತಿ ಒಣಗಿದ್ದು, ಹಾಗಾಗಿ ಕುಡಿಯೋ ನೀರು ಜಾಸ್ತಿ ಬೇಕು, ಕಮ್ಮಿ ಅಲ್ಲ. 500 ಕೆಜಿ ಕುದುರೆಗೆ ದಿನಕ್ಕೆ 25ರಿಂದ 45 ಲೀಟರ್. ಅಷ್ಟು ಕುಡೀದಿದ್ರೆ ದೊಡ್ಡ ಕರುಳಲ್ಲಿ ಮೇವು ಒಣಗ್ತಾ ಹೋಗುತ್ತೆ. ಆ ಕರುಳು ಒಂದು ಕಡೆ ಹಿಂದಕ್ಕೆ ಮಡಚಿಕೊಂಡು ಸಪೂರ ಆಗುತ್ತೆ, ಅಲ್ಲೇ ಹೋಗಿ ಕಟ್ಟಿಕೊಳ್ಳೋದು. ಇದು ಚಳಿಗಾಲದ ಮಾಮೂಲಿ ಹೊಟ್ಟೆಶೂಲೆ. ಬಹುತೇಕ ಬೇಗ ಗೊತ್ತಾದ್ರೆ ಆಪರೇಷನ್ ಇಲ್ಲದೆ ಬಿಡುತ್ತೆ.

ಎರಡುಬಕೆಟ್

ಡಾಕ್ಟ್ರು ಹೇಳಿದ್ದೇ ಸರಿ, ಮೊದಲು ಫೋನ್. ಅದರ ಜೊತೆ ಒಂದು ಪ್ರಶ್ನೆ. ಮಿಂಚು ತೊಟ್ಟಿ ಹತ್ರ ಹೋಗ್ತಾಳಾ? ಹೋಗಿ ಏನು ಮಾಡ್ತಾಳೆ? ದೂರದಲ್ಲಿ ನಿಂತು ಹತ್ತು ನಿಮಿಷ ನೋಡಿ.

ಹೊಸಸವಾರಳು

ಡಾಕ್ಟ್ರು ಹೊರಟಿದಾರೆ, ಒಂದು ಗಂಟೆ ಆಗುತ್ತಂತೆ. ವಸಡು ಸ್ವಲ್ಪ ಅಂಟಂಟು. ನಾಡಿ 46.

ಎರಡುಬಕೆಟ್ ಅವರೇ, ನೀವು ಕೇಳಿದ್ದು ನೋಡ್ದೆ. ತೊಟ್ಟಿ ಹತ್ರ ಹೋದ್ಳು. ಕತ್ತು ಚಾಚಿ ಮೀಸೆ ಕೂದಲು ಮಾತ್ರ ನೀರಿಗೆ ತಾಗಿಸಿದ್ಳು. ತುಟಿ ತಾಗ್ತಿದ್ದ ಹಾಗೆ ತಲೆ ಎತ್ತಿ ಒಂದು ಹೆಜ್ಜೆ ಹಿಂದೆ. ಕಿವಿ ಒಂದು ಮುಂದೆ, ಒಂದು ಹಿಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಗೇ. ನೀರಿನ ವಾಸನೆ ಇಷ್ಟ ಆಗ್ತಿಲ್ವೇನೋ. ನಾನು ಕೈ ಹಾಕಿ ನೋಡ್ದೆ, ನನಗೇನೂ ಆಗಲಿಲ್ಲ.

ಎರಡುಬಕೆಟ್

ಕೈ ಹಾಕಿದಾಗ ಕಾಲಲ್ಲಿ ರಬ್ಬರ್ ಬೂಟು ಇತ್ತಾ?

ಹೀಟರ್ ಪ್ಲಗ್ ಈಗಲೇ ಕಿತ್ತುಹಾಕಿ. ಒಣ ಕೈಯಲ್ಲಿ.

ನಮ್ಮ ಹಳೇ ಗಂಡುಕುದುರೆ ಹೀಗೇ ಮಾಡ್ತಿದ್ದ. ಮೂರು ದಿನ ಅವನ ಹಟ ಅಂತ ಬೈದೆ. ಹೀಟರ್ ವೈರ್ ಒಂದು ಕಡೆ ಸೀಳಿ ನೀರಿಗೆ ಕರೆಂಟ್ ಸೋರ್ತಿತ್ತು. ರಬ್ಬರ್ ಅಟ್ಟೆ ಮೇಲೆ ನಿಂತ ನಮಗೆ ಗೊತ್ತೇ ಆಗದಷ್ಟು ಕಮ್ಮಿ. ಒದ್ದೆ ನೆಲದ ಮೇಲೆ ನಾಲ್ಕು ಕಾಲು ಊರಿ, ಅದೂ ಕಬ್ಬಿಣದ ಲಾಳ ಹಾಕ್ಕೊಂಡು, ತುಟಿಯನ್ನ ನೀರಿಗಿಟ್ಟ ಕುದುರೆಗೆ ಚೆನ್ನಾಗೇ ಗೊತ್ತಾಗುತ್ತೆ.

ಹಳೇಲಗಾಮು

ಛೆ. ಇದು ನನ್ನ ತಲೆಗೆ ಹೊಳೀಲಿಲ್ಲ. ಹಿಮದ ಪುರಾಣ ಬರೀತಾ ಕೂತೆ, ನೀರಿನ ಸಾಲು ಕಣ್ಣಿಗೇ ಬೀಳಲಿಲ್ಲ.

ಹೊಸಸವಾರಳು

ರಾತ್ರಿ ಒಂದೂವರೆ ಆಯ್ತು, ಕೈ ನಡುಗ್ತಿದೆ, ತಪ್ಪಿದ್ರೆ ಕ್ಷಮಿಸಿ.

ಪ್ಲಗ್ ಕಿತ್ತೆ. ಬಕೆಟ್‌ನಲ್ಲಿ ಬೆಚ್ಚಗಿನ ನೀರಿಟ್ಟೆ. ಮೊದಲು ಮೂಸಿದ್ಳು, ನನ್ನ ಮುಖ ನೋಡಿದ್ಳು, ಆಮೇಲೆ ಬಾಯಿ ಇಟ್ಟವಳು ತೆಗೀಲೇ ಇಲ್ಲ. ಗಂಟಲಲ್ಲಿ ಒಂದೊಂದೇ ಗುಟುಕು ಇಳಿಯೋದು ಕಾಣ್ತಿತ್ತು. 20 ಲೀಟರ್ ಬಕೆಟ್ ತಳ ಕಂಡಿತು, ಖಾಲಿ ಬಕೆಟ್ಟನ್ನ ಮೂತಿಯಲ್ಲಿ ತಳ್ಳಿದ್ಳು. ಅಲ್ಲೇ ಕೂತು ಅತ್ತುಬಿಟ್ಟೆ.

ಡಾಕ್ಟ್ರು ಬಂದು ಪಕ್ಕೆಗೆ ಕಿವಿಗೊಟ್ಟು ಕೇಳಿದ್ರು, ಎಡಗಡೆ ಸದ್ದು ಕಮ್ಮಿ ಇದೆ ಅಂದ್ರು. ಒಳಗೆ ಕೈಹಾಕಿ ಪರೀಕ್ಷೆ ಮಾಡಿ, ಕಟ್ಟಿಕೊಳ್ಳೋಕೆ ಶುರುವಾಗಿದೆ, ಇನ್ನೂ ಮೆತ್ತಗಿದೆ ಅಂದ್ರು. ಮೂಗಿಂದ ಹೊಟ್ಟೆಗೆ ಕೊಳವೆ ಇಳಿಸಿ ಲವಣ ಬೆರೆಸಿದ ನೀರು ಹಾಕಿದ್ರು. ಬೆಳಿಗ್ಗೆ ಮತ್ತೆ ಬರ್ತಾರೆ.

ಸ್ಟೆತಸ್ಕೋಪು

ಒಳ್ಳೇದಾಯ್ತು. ಲದ್ದಿ ಬಿದ್ದ ತಕ್ಷಣ ಬರೀರಿ. ಇಷ್ಟು ಜನ ಒಂದು ಕುದುರೆ ಲದ್ದಿಗೆ ಕಾಯ್ತಿರೋದು ಬೇರೆಲ್ಲೂ ಕಾಣಲ್ಲ.

ಹೊಸಸವಾರಳು

ಬೆಳಿಗ್ಗೆ 5:40. ಬಿತ್ತು! ದೊಡ್ಡ ಗುಡ್ಡೆ, ಮೆತ್ತಗೆ, ಹೊಗೆಯಾಡ್ತಿದೆ. ಫೋಟೋ ಬೇಡ ತಾನೇ?

ಮೂಲೆಯವ

ಬೇಡ ಮೇಡಂ. ನಂಬಿದೀವಿ.

ಎರಡುಬಕೆಟ್

ಉಳಿದವರಿಗೂ ಉಪಯೋಗ ಆಗಲಿ ಅಂತ ನೀರಿನ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ. ಹಿಮ ಇದೆಯಲ್ಲ, ತಿನ್ನುತ್ತೆ ಅಂತ ಬಿಡಬೇಡಿ. ಹತ್ತು ಬಕೆಟ್ ಪುಡಿಹಿಮ ಕರಗಿಸಿದ್ರೆ ಸಿಗೋದು ಹೆಚ್ಚು ಕಮ್ಮಿ ಒಂದು ಬಕೆಟ್ ನೀರು, ಅದನ್ನ ಕರಗಿಸೋಕೆ ಮೈಶಾಖವೂ ಖರ್ಚು. ಕಾಡು ಕುದುರೆಗಳು ಬದುಕ್ತಾವೆ ನಿಜ, ಅವು ಒಣಹುಲ್ಲು ತಿಂದು ಲಾಯದಲ್ಲಿ ನಿಲ್ಲಲ್ಲ.

ಬೆಚ್ಚಗಿನ ನೀರಿನ ವಿಷಯದಲ್ಲಿ ಒಂದು ತಮಾಷೆ ಇದೆ. ಪೋನಿಗಳ (ಗಿಡ್ಡ ತಳಿಯ ಕುದುರೆಗಳು) ಮೇಲೆ ಪರೀಕ್ಷೆ ಮಾಡಿ ನೋಡಿದಾರೆ. ಹೆಪ್ಪುಗಟ್ಟೋ ಅಂಚಿನ ನೀರು ಮಾತ್ರ ಕೊಟ್ಟಾಗ ಕುಡಿದಿದ್ದಕ್ಕಿಂತ, ಬೆಚ್ಚಗಿನ ನೀರು ಮಾತ್ರ ಕೊಟ್ಟಾಗ ಸುಮಾರು ನೂರಕ್ಕೆ ನಲವತ್ತರಷ್ಟು ಜಾಸ್ತಿ ಕುಡಿದವು. ಆದ್ರೆ ಎರಡನ್ನೂ ಪಕ್ಕಪಕ್ಕ ಇಟ್ಟಾಗ ತಣ್ಣಗಿರೋದಕ್ಕೇ ಬಾಯಿ ಹಾಕಿದವು, ಕುಡಿದದ್ದೂ ಕಮ್ಮಿ! ಹಾಗಾಗಿ ಬೆಚ್ಚಗಿನ ಬಕೆಟ್ ಇಟ್ಟಾಗ ಐಸ್ ತೊಟ್ಟಿ ಪಕ್ಕದಲ್ಲಿ ಇಡಬೇಡಿ. ನಾನು ಬೆಳಿಗ್ಗೆ, ಸಂಜೆ ಮೇವು ಹಾಕಿದ ಮೇಲೆ ತಂದಿಡ್ತೀನಿ, ಮೇವು ತಿಂತಾ ತಿಂತಾನೇ ಅವು ಜಾಸ್ತಿ ಕುಡಿಯೋದು.

ಉಪ್ಪು ಮರೀಬೇಡಿ. ಮೈನಸ್ 20ರಲ್ಲಿ ಉಪ್ಪಿನ ಗಟ್ಟಿ ನೆಕ್ಕು ಅಂದ್ರೆ ಯಾವ ಕುದುರೆ ನೆಕ್ಕುತ್ತೆ? ದಿನಕ್ಕೆ 30 ಗ್ರಾಂನಷ್ಟು ಪುಡಿ ಉಪ್ಪು ದಾಣಿಗೆ ಬೆರೆಸಿ.

ಹೀಟರ್ ಹಾಕಿಸೋರು ಅರ್ಥಿಂಗ್ ನೋಡಿಸಿ, ಸೋರಿಕೆಗೆ ತಾನೇ ಕಟ್ಟಾಗೋ ಬ್ರೇಕರ್ ಹಾಕಿಸಿ. ವೈರನ್ನ ಕುದುರೆ ಹಲ್ಲಿಗೆ ಸಿಗದ ಹಾಗೆ ಪೈಪಿನೊಳಗೆ ಎಳೆಸಿ.

ಹೊಸಸವಾರಳು

ಎಲೆಕ್ಟ್ರಿಷಿಯನ್ ಬಂದಿದ್ರು. ಅರ್ಥಿಂಗೇ ಇಲ್ಲ! ಹಾಕಿಕೊಟ್ಟವರು ಆ ಹಸಿರು ವೈರನ್ನ ಕತ್ತರಿಸಿ ಟೇಪ್ ಸುತ್ತಿ ಬಿಟ್ಟಿದ್ರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಈಗ ಎಲ್ಲ ಸರಿ ಮಾಡಿಸಿದೀನಿ. ಆದ್ರೂ ಮಿಂಚು ಆ ತೊಟ್ಟಿ ಕಂಡ್ರೆ ಈಗಲೂ ದೂರದಿಂದಲೇ ಕತ್ತು ಚಾಚ್ತಾಳೆ. ಸದ್ಯಕ್ಕೆ ಬಕೆಟ್ ಹೊರೋದೇ ನನ್ನ ವ್ಯಾಯಾಮ.

ಕಂಬಳಿಪಕ್ಷ

ಕುದುರೆ ಉಳಿತಲ್ಲ, ಸಂತೋಷ. ಈಗಲಾದ್ರೂ ಹೊದಿಕೆ ಹಾಕ್ತೀರಾ?

ಸ್ಟೆತಸ್ಕೋಪು

ನೀವು ಬಿಡಲ್ಲ ಅಲ್ವಾ!

ಸರಿ, ಹೊದಿಕೆಗೆ ನಾನು ವಿರೋಧಿಯಲ್ಲ. ರೋಮ ಕತ್ತರಿಸಿದ ಕುದುರೆ, ಇಪ್ಪತ್ತು ದಾಟಿದ ಮುದಿ ಕುದುರೆ, ಬಡಕಲು, ಕಾಯಿಲೆಯದ್ದು, ಬೆಚ್ಚಗಿನ ಜಾಗದಿಂದ ಈಗಷ್ಟೇ ಬಂದದ್ದು, ಮಳೆಗಾಳಿಗೆ ಮರೆಯೇ ಇಲ್ಲದ್ದು, ಇವಕ್ಕೆ ಬೇಕೇ ಬೇಕು. ಆರೋಗ್ಯವಾಗಿ ರೋಮ ತುಂಬಿರೋ ಮಿಂಚಿಗೆ ಗಾಳಿಮರೆ ಮತ್ತು ಹೊಟ್ಟೆತುಂಬ ಹುಲ್ಲು ಸಾಕು.

ತೆಳ್ಳಗಿನ ಹೊದಿಕೆ ಹಾಕಿದ್ರೆ ಹಾಕದೇ ಇರೋದಕ್ಕಿಂತ ಕೆಡುಕಾಗಬಹುದು. ರೋಮ ಅಮುಕಿ ಗಾಳಿ ಹೊರಗೆ ಹೋಗುತ್ತೆ, ಅದರ ಬದಲಿಗೆ ಸಿಗೋ ಶಾಖ ಸಾಲಲ್ಲ. ಹಾಕಿದವರು ದಿನಾ ಬಿಚ್ಚಿ ನೋಡಬೇಕು. ಕಳೆದ ವರ್ಷ ಒಂದು ಕುದುರೆ ನೋಡೋಕೆ ಹೋಗಿದ್ದೆ, ತಿಂಗಳುಗಟ್ಟಲೆ ಹೊದಿಕೆ ಬಿಚ್ಚಿರಲಿಲ್ಲ. ಬಿಚ್ಚಿದಾಗ ಹೆಗಲ ಮೇಲೆ ಎರಡೂ ಕಡೆ ರೋಮ ಸವೆದು ಚರ್ಮ ಕೆಂಪಗೆ, ಕೆಳಗೆ ಪಕ್ಕೆಲುಬು ಎಣಿಸಬಹುದಿತ್ತು. ಯಜಮಾನರಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಹೊರಗಿಂದ ದುಂಡಗೇ ಕಾಣ್ತಿತ್ತು.

ಹೊದಿಕೆ ಇಲ್ಲದಿದ್ರೂ ಅದೇ ಮೋಸ. ದಟ್ಟ ರೋಮ ಕಣ್ಣಿಗೆ ಮಣ್ಣೆರಚುತ್ತೆ. ವಾರಕ್ಕೊಂದು ಸಲ ಗ್ಲೌಸ್ ತೆಗೆದು ಬೆರಳನ್ನ ರೋಮದೊಳಗೆ ಇಳಿಸಿ ಪಕ್ಕೆ ಮುಟ್ಟಿ. ಮೈಕಟ್ಟಿಗೆ ಅಂಕ ಕೊಡೋ ಹೆನ್ನೆಕೆ ಪದ್ಧತಿ 1983ರಿಂದ ಬಳಕೆಯಲ್ಲಿದೆ, 1ರಿಂದ 9. ಚಳಿಗಾಲಕ್ಕೆ 5 ಅಥವಾ 6 ಇರಲಿ, ಅಂದ್ರೆ ಪಕ್ಕೆಲುಬು ಕಾಣಬಾರದು, ಮುಟ್ಟಿದ್ರೆ ಸಿಗಬೇಕು.

ಕಂಬಳಿಪಕ್ಷ

ಬಿಚ್ಚಿ ನೋಡೋದು ನಾನು ವಾರಕ್ಕೊಮ್ಮೆ ಮಾತ್ರ. ದಿನಾ ಅಂತ ಗೊತ್ತಿರಲಿಲ್ಲ. ಇವತ್ತು ನೋಡ್ತೀನಿ. ಕಿವಿ ತಣ್ಣಗಿದ್ರೆ ಚಳಿ ಅಂತ ಹಾಕ್ತಿದ್ದೆ, ಅದಾದ್ರೂ ಸರಿನಾ?

ಸ್ಟೆತಸ್ಕೋಪು

ಕಿವಿ ಒಂದನ್ನೇ ನಂಬಬೇಡಿ. ಶಾಖ ಉಳಿಸೋಕೆ ಮೈ ಮೊದಲು ಕಿವಿ, ಕಾಲಿಗೆ ರಕ್ತ ಕಮ್ಮಿ ಮಾಡುತ್ತೆ. ಮುಂಗಾಲಿನ ಮೊಣಕೈ ಹಿಂದೆ ಕೈ ಇಟ್ಟು ನೋಡಿ. ಹೊದಿಕೆಯೊಳಗೆ ಬೆವರಿನ ಪಸೆ ಇದ್ರೆ ತಕ್ಷಣ ತೆಗೀಬೇಕು. ಸ್ವಲ್ಪ ಹೊತ್ತು ನಡುಗೋದು ತಪ್ಪೇನಲ್ಲ. ನಿಲ್ಲದೆ ನಡುಗ್ತಿದ್ರೆ ಮಾತ್ರ ಕೈಮೀರಿದೆ ಅಂತ.

ಹಳೇಲಗಾಮು

ಒಲೆ ಅಂದೆನಲ್ಲ, ಅದಕ್ಕೆ ಸೌದೆ ಹುಲ್ಲು, ದಾಣಿಯಲ್ಲ. ನಾರು ಹಿಂಗರುಳಲ್ಲಿ ಹುಳಿಯೋವಾಗ ಶಾಖ ಹುಟ್ಟುತ್ತೆ, ಗಂಟೆಗಟ್ಟಲೆ. ಧಾನ್ಯ ಬೇಗ ಜೀರ್ಣವಾಗಿ ಮುಗಿದುಹೋಗುತ್ತೆ. ಬಕೆಟ್ ಗಟ್ಟಲೆ ದಾಣಿ ಸುರಿದ್ರೆ ಹೊಟ್ಟೆ ಕೆಡುತ್ತೆ ಅಷ್ಟೇ. ತಡೆಯೋ ಮಿತಿಗಿಂತ ಒಂದೊಂದು ಡಿಗ್ರಿ ಕೆಳಗೆ ಹೋದ ಹಾಗೆ ನೂರಕ್ಕೆ ಎರಡು, ಎರಡೂವರೆ ಪಾಲು ಹೆಚ್ಚು ಶಕ್ತಿ ಬೇಕು. ಲೆಕ್ಕ ಹಾಕು: ಹತ್ತು ಡಿಗ್ರಿ ಇಳಿದ್ರೆ ಕಾಲುಪಾಲು ಜಾಸ್ತಿ, ಅಂದ್ರೆ ನಿನ್ನ ಕುದುರೆಗೆ ದಿನಾ ಎರಡು, ಎರಡೂವರೆ ಕೆಜಿ ಹುಲ್ಲು ಹೆಚ್ಚಿಗೆ. ಅದನ್ನ ರಾತ್ರಿ ಹಾಕು. ಚಳಿ ಇಳಿಯೋದೂ ಆಗಲೇ, ಮೇವು ಖಾಲಿಯಾಗಿ ಕುದುರೆ ಸುಮ್ನೆ ನಿಲ್ಲೋದೂ ಆಗಲೇ.

ಬಿಸಿಬಿಸಿ ಬೂಸಾ ಕಲಸಿ ಕೊಡೋದು ನನ್ನ ಗುರುಗಳ ಕಾಲದಿಂದ ಇದೆ. ವಾರಕ್ಕೊಮ್ಮೆ ಅಕಸ್ಮಾತ್ತಾಗಿ ಕೊಟ್ರೆ ಹೊಟ್ಟೆಯಲ್ಲಿರೋ ಜೀವಾಣುಗಳಿಗೆ ಗೊಂದಲ. ಬೆಚ್ಚಗಾಗೋದು ಕಲಸೋನ ಕೈ, ಕುದುರೆಯದಲ್ಲ. ನಾನೂ ಮೂವತ್ತು ವರ್ಷ ಕೊಟ್ಟಿದೀನಿ, ಬೈಕೊಳ್ಳೋದು ನನ್ನನ್ನೇ.

ಕಿಟಕಿ ತೆಗಿ. ಸಂದಿ ಮುಚ್ಚಿದ ಲಾಯಕ್ಕೆ ಬೆಳಿಗ್ಗೆ ಕಾಲಿಟ್ಟ ಕೂಡಲೇ ಕಣ್ಣು ಉರಿದ್ರೆ ಅದು ಗಂಜಲದ ಅಮೋನಿಯ. ಕುದುರೆ ರಾತ್ರಿಯಿಡೀ ಅದನ್ನೇ ಉಸಿರಾಡಿದೆ. ಚಾವಣಿಯಿಂದ ನೀರು ತೊಟ್ಟಿಕ್ಕಿದ್ರೂ ಗಾಳಿ ಆಡ್ತಿಲ್ಲ ಅಂತಲೇ ಲೆಕ್ಕ. ಮೈಮೇಲೆ ನೇರ ಗಾಳಿ ಬೀಸಬಾರದು, ತಲೆಮೇಲೆ ಗಾಳಿ ಓಡಾಡಬೇಕು.

ಧ್ರುವದಹುಚ್ಚು

ವಿಷಯಾಂತರಕ್ಕೆ ಕ್ಷಮೆ ಇರಲಿ. ಗಾಳಿಮರೆ ಅಂದ ಕೂಡಲೇ ನೆನಪಾಯ್ತು. ದಕ್ಷಿಣ ಧ್ರುವಕ್ಕೆ ಹೊರಟ ಸ್ಕಾಟ್ 1910ರಲ್ಲಿ ಮಂಚೂರಿಯಾದಿಂದ 19 ಪೋನಿಗಳನ್ನ ತರಿಸಿದ್ದ. ಪ್ರತಿ ತಂಗುದಾಣದಲ್ಲೂ ಜನ ದಣಿದು ಬಂದ ಮೇಲೆ ಹಿಮದ ಇಟ್ಟಿಗೆ ಕಡಿದು ಪೋನಿಗಳಿಗೆ ಗೋಡೆ ಕಟ್ತಿದ್ರು, ಗಾಳಿಗೆ ಮರೆಯಾಗಲಿ ಅಂತ. ರಾತ್ರಿ ನಡೆದು, ಹಗಲ ಬಿಸಿಲಲ್ಲಿ ಪೋನಿಗಳಿಗೆ ವಿಶ್ರಾಂತಿ ಕೊಡ್ತಿದ್ರು. ಆದ್ರೂ ಆಗಲಿಲ್ಲ. ಕುದುರೆ ಮೈಯೆಲ್ಲ ಬೆವರುತ್ತೆ, ಆ ಬೆವರು ರೋಮದ ಮೇಲೆ ಐಸ್ ಆಗುತ್ತೆ. ಮೆತ್ತನೆ ಹಿಮದಲ್ಲಿ ಹೊಟ್ಟೆವರೆಗೆ ಹೂತುಹೋಗುತ್ತೆ. ಧ್ರುವಕ್ಕೆ ಅವನ ಜೊತೆ ಪೈಪೋಟಿಗಿಳಿದಿದ್ದ ಅಮುಂಡ್ಸೆನ್ ನೆಚ್ಚಿದ್ದು ನಾಯಿಗಳನ್ನ, ಅವು ಹಾಗೆ ಮೈಯೆಲ್ಲ ಬೆವರಲ್ಲ. ಸ್ಕಾಟ್ ತಂಡದ ಕೊನೆಯ ಪೋನಿಗಳನ್ನ 1911ರ ಡಿಸೆಂಬರ್ 9ರಂದು ಗುಂಡಿಟ್ಟು ಕೊಂದರು.

ಇನ್ನೊಂದು ಕಡೆ ಸೈಬೀರಿಯಾದ ಯಾಕುತ್ ಕುದುರೆಗಳು ಮೈನಸ್ 60 ದಾಟೋ ಚಳಿಯಲ್ಲೂ ಬಯಲಲ್ಲೇ ಇರ್ತಾವೆ, ಗೊರಸಿಂದ ಹಿಮ ಕೆದಕಿ ಹುಲ್ಲು ತಿಂತಾವೆ. ಕೆಲವೇ ಶತಮಾನಗಳಲ್ಲಿ ಅಷ್ಟು ಹೊಂದಿಕೊಂಡಿವೆ ಅಂತ 2015ರಲ್ಲಿ ವಂಶವಾಹಿಗಳ ಅಧ್ಯಯನ ಬಂತು. ಗಿಡ್ಡ ಕಾಲು, ದುಂಡು ಮೈ, ಕರಡಿಯಂಥ ರೋಮ.

ಮೂಲೆಯವ

ಹೊಟ್ಟೆಶೂಲೆಯಿಂದ ದಕ್ಷಿಣ ಧ್ರುವ. ಇನ್ನು ಸವಾರಿ ಯಾರಾದ್ರೂ ಹೇಳ್ತೀರಾ? ಪಾಪ, ಮೊದಲ ಪ್ರಶ್ನೆನೇ ಅದು.

ಹಳೇಲಗಾಮು

ಹೌದು, ಸಾಲ ಉಳಿಸಿಕೊಂಡಿದ್ದೆ.

ಒಂದೇ ಸಂಖ್ಯೆ ಯಾರೂ ಕೊಡಕ್ಕಾಗಲ್ಲ, ಕೊಟ್ರೆ ನಂಬಬೇಡ. ನನ್ನ ರೂಢಿ ಹೇಳ್ತೀನಿ. ಮೈನಸ್ 10ರವರೆಗೆ ಮಾಮೂಲಿ ಕೆಲಸ, ಬೆವರು ಬರದ ಹಾಗೆ. ಅಲ್ಲಿಂದ ಮೈನಸ್ 20ರವರೆಗೆ ನಡಿಗೆ, ನಡುವೆ ಸ್ವಲ್ಪ ಟ್ರಾಟ್, ಅಂದ್ರೆ ನಿಧಾನ ಓಟ. ಅದಕ್ಕೂ ಕೆಳಗೆ ಹೋದ್ರೆ ಕೈಯಲ್ಲಿ ಹಿಡಿದು ಅಡ್ಡಾಡಿಸ್ತೀನಿ, ಹತ್ತಲ್ಲ. ಗಾಳಿ ಇದ್ರೆ ಐದು ಡಿಗ್ರಿ ಮೊದಲೇ ನಿಲ್ಲಿಸ್ತೀನಿ.

ಕಾರಣ ಉಸಿರು. ಕುದುರೆ ಬಾಯಿಂದ ಉಸಿರಾಡಲ್ಲ, ಮೂಗಿಂದ ಮಾತ್ರ. ನಿಂತಾಗ ನಿಮಿಷಕ್ಕೆ 60–70 ಲೀಟರ್ ಗಾಳಿ ಎಳ್ಕೊಂಡ್ರೆ ನಾಗಾಲೋಟದಲ್ಲಿ 1,500 ಲೀಟರ್ ದಾಟುತ್ತೆ. ನಿಧಾನ ಉಸಿರಾಡುವಾಗ ಮೂಗೇ ಗಾಳಿನ ಬೆಚ್ಚಗೆ, ಒದ್ದೆ ಮಾಡಿ ಒಳಗೆ ಕಳಿಸುತ್ತೆ. ಓಡಿಸಿದ್ರೆ ಅದರ ಕೈಲಿ ಆಗಲ್ಲ, ಒಣ ತಣ್ಣನೆ ಗಾಳಿ ಶ್ವಾಸನಾಳದ ಆಳಕ್ಕೆ ಇಳಿದು ಉರಿಯೂತ ಮಾಡುತ್ತೆ. ದಮ್ಮು ಇರೋ ಕುದುರೆಯನ್ನಂತೂ ಚಳಿಯಲ್ಲಿ ಓಡಿಸಲೇಬಾರದು.

ಕಡಿವಾಣ ಕೋಟಿನೊಳಗೆ ಇಟ್ಕೊಂಡು ಹೋಗು, ಕೊರೆಯೋ ಕಬ್ಬಿಣ ನಾಲಿಗೆಗೆ ಇಡಬೇಡ. ನಂಬಿಕೆ ಬರದಿದ್ರೆ ಮೊದಲು ಒದ್ದೆ ಬೆರಳಿಂದ ಮುಟ್ಟಿ ನೋಡು, ಅಂಟಿದ್ರೆ ನನ್ನ ಬೈಬೇಡ. ಜೀನು ಮನೆಯೊಳಗಿರಲಿ. ಹೊಟ್ಟೆಪಟ್ಟಿ ಒಂದೇ ಸಲ ಬಿಗೀಬೇಡ, ಮೂರು ಸಲಕ್ಕೆ. ಹದಿನೈದು, ಇಪ್ಪತ್ತು ನಿಮಿಷ ಬರೀ ನಡಿಗೆ, ಕುದುರೆ ಸೊಂಟದ ಮೇಲೆ ಉಣ್ಣೆ ಬಟ್ಟೆ ಹೊದಿಸಿ. ವಾಪಸ್ ಬರೋವಾಗಲೂ ಅಷ್ಟೇ ಹೊತ್ತು ನಡಿಗೆ.

ಬೆವರಿದ್ರೆ ಒಣಗೋವರೆಗೂ ಬಿಡಬಾರದು. ಉಣ್ಣೆ ಹೊದಿಕೆ ಹಾಕಿ, ಟವೆಲ್ ತಗೊಂಡು ರೋಮದ ವಿರುದ್ಧ ದಿಕ್ಕಿಗೆ ಉಜ್ಜು. ಕಿವಿ ಬುಡ, ಜೀನಿನ ಜಾಗ, ಹೊಟ್ಟೆಪಟ್ಟಿ ಜಾಗ ಕೊನೆಗೆ ಒಣಗೋದು. ದಟ್ಟ ರೋಮದ ಕುದುರೆ ಒಣಗೋಕೆ ಒಂದು ಗಂಟೆಗೂ ಮೇಲೆ ಹಿಡಿಯುತ್ತೆ. ನಿನಗೆ ಅಷ್ಟು ಹೊತ್ತು ಇಲ್ವಾ? ಹಾಗಾದ್ರೆ ಬೆವರಿಸಬೇಡ.

ಲಾಳದವ

ನೋಡ್ರೀ, ಉಸಿರಿನ ಮಾತು ಆತು, ಬೆವರಿನ ಮಾತು ಆತು. ಕಾಲಕೆಳಗ ಏನೈತಿ ಅಂತ ಯಾರೂ ಕೇಳವಲ್ರಿ. ನಾ ಲಾಳಾ ಹೊಡ್ಯಾಂವ, ಅದಕ್ಕ ಹೇಳ್ತೀನಿ.

ಕಬ್ಬಿಣದ ಲಾಳ ಇದ್ರ ಗೊರಸಿನ ಒಳಗ ಹಿಮ ತುಂಬಿ, ಕರಗಿ, ಮತ್ತ ಹೆಪ್ಪುಗಟ್ಟಿ ಚಂಡಿನಂಗ ಆಕ್ಕೈತ್ರಿ. ಕುದುರಿ ಅದರ ಮ್ಯಾಲ ನಿಂತ್ರ ಎತ್ತರದ ಹಿಮ್ಮಡಿ ಚಪ್ಪಲಿ ಹಾಕ್ಕೊಂಡು ಐಸ್ ಮ್ಯಾಲ ನಡದಂಗ. ಕಾಲು ಹೊಳ್ಳತೈತಿ, ನರ ಉಳುಕತೈತಿ. ಚಳಿಗಾಲದಾಗ ಓಡಸೂದಿಲ್ಲಂದ್ರ ಲಾಳ ತಗಸಿ ಬರಿಗಾಲ್ಲೇ ಬಿಡ್ರಿ, ಬರಿ ಗೊರಸಿನ್ಯಾಗ ಹಿಮಾ ತಾನ ಉದುರತೈತಿ. ಲಾಳ ಬೇಕೇ ಬೇಕಂದ್ರ ಹಿಮ ಹೊರಗ ತಳ್ಳೂ ರಬ್ಬರ್ ಪಟ್ಟಿ ಕೂಡಿಸಿ ಹೊಡಸ್ರಿ, ಜೊತೀಗೆ ಐಸ್ ಹಿಡ್ಯಾಕ ಗಟ್ಟಿ ಲೋಹದ ಮೊಳೆ. ವ್ಯಾಸಲೀನ್ ಹಚ್ಚಿದ್ರ ಅರ್ಧ ತಾಸು ತಡೀತೈತಿ, ಅಷ್ಟ.

ಚಳಿಗಾಲದಾಗ ಗೊರಸು ನಿಧಾನ ಬೆಳೀತೈತಿ ಅಂತ ನನಗ ಫೋನ್ ಮಾಡೂದ ಬಿಡ್ತಾರ ಮಂದಿ. ಆರರಿಂದ ಎಂಟು ವಾರಕ್ಕ ಒಮ್ಮೆ ಕತ್ತರಸಾಕ ಬೇಕ್ರಿ.

ನೆಲಾ ನೋಡಿ ನಡೀರಿ. ಪುಡಿಹಿಮ ಛಲೋ, ಅದಕ್ಕ ಹೆದರಬ್ಯಾಡ್ರಿ. ಮ್ಯಾಲ ಪಾಪಡಿ ಕಟ್ಟಿದ ಹಿಮ ಹೆಜ್ಜಿ ಹೆಜ್ಜಿಗೂ ಒಡದು ಕಾಲಿನ ಚರ್ಮಾ ಕೊಯ್ಯತೈತಿ. ಕೆಸರು ಹೆಪ್ಪುಗಟ್ಟಿದ ಗುಂಡಿ ಕಲ್ಲಿನಂಗ ಇರ್ತಾವ. ಬಾಗಲ ಮುಂದಿನ ಐಸ್ ಮ್ಯಾಲ ಬೂದಿ, ಇಲ್ಲಾ ಉಸುಕು ಹಾಕ್ರಿ. ಉಸುಕು ಹಾಕಿದಲ್ಲೆ ಹುಲ್ಲು ಮಾತ್ರ ಹಾಕಬ್ಯಾಡ್ರಿ, ಹೊಟ್ಟಿಗೆ ಹೋಗತೈತಿ.

ಎರಡುಬಕೆಟ್

ಸವಾರರ ಕಾಲಿನ ಮಾತೂ ಸೇರಿಸಿ. ನನಗಾದದ್ದು: ಚಳಿ ಅಂತ ದಪ್ಪ ಬೂಟು ಹಾಕ್ಕೊಂಡೆ, ಕಾಲಿಡೋ ರಿಕಾಬು ಮಾತ್ರ ಬೇಸಿಗೆಯದೇ. ಕುದುರೆ ಬೆದರಿದಾಗ ಇಳಿಯೋಣ ಅಂದ್ರೆ ಎಡಗಾಲು ಬರಲಿಲ್ಲ, ಬೂಟು ಸಿಕ್ಕಿಹಾಕ್ಕೊಂಡಿತ್ತು. ಒಂದು ಕಾಲು ನೆಲದ ಮೇಲೆ, ಇನ್ನೊಂದು ರಿಕಾಬಿನಲ್ಲಿ, ಹಿಮದಲ್ಲಿ ಕುಂಟ್ತಾ ಕುಂಟ್ತಾ ಹತ್ತು ಮಾರು. ಆ ಕುದುರೆ ನಿಂತದ್ದು ನನ್ನ ಪುಣ್ಯ. ಬೂಟಿನ ಎರಡೂ ಪಕ್ಕ ಒಂದೊಂದು ಬೆರಳು ಜಾಗ ಇರಲಿ. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ಬೆರಳೆಲ್ಲ ಒಟ್ಟಿಗೆ ಇರೋ ಚೀಲದಂಥದ್ದು ಬೆಚ್ಚಗೆ. ಮೈಗೆ ತಾಗೋದು ಹತ್ತಿ ಬೇಡ, ಬೆವರು ಹೀರಿ ಒದ್ದೆಯಾಗೇ ಉಳಿಯುತ್ತೆ.

ಕಂಬಳಿಪಕ್ಷ

ಹೊದಿಕೆ ಬಿಚ್ಚಿ ನೋಡ್ದೆ. ದೊಡ್ಡದು ಚೆನ್ನಾಗಿದೆ. ಚಿಕ್ಕದರ ಹೆಗಲಲ್ಲಿ ರೋಮ ಸವೆದಿದೆ, ಎದೆ ಕಡೆ ಒದ್ದೆ ಒದ್ದೆ. ಈಗ ಏಕ್‌ದಂ ತೆಗೆದುಬಿಟ್ರೆ ಪರವಾಗಿಲ್ವಾ?

ಸ್ಟೆತಸ್ಕೋಪು

ಒಮ್ಮೆಲೇ ಬೇಡ. ಶರತ್ಕಾಲದಿಂದ ಹೊದ್ದುಕೊಂಡಿದ್ದ ಕುದುರೆಗೆ ರೋಮ ಅಷ್ಟು ತುಂಬಿರಲ್ಲ, ಈ ವರ್ಷ ಹೊದಿಕೆ ಇರಲೇಬೇಕು. ಒದ್ದೆಯಾದದ್ದು ಬದಲಿಸಿ, ಅಳತೆ ಸರಿಯಾದದ್ದು ಹಾಕಿ. ಹಗಲು ಬಿಸಿಲಿದ್ದಾಗ ತೆಳ್ಳಗಿನದು, ರಾತ್ರಿ ದಪ್ಪದ್ದು. ಬಿಡೋದಾದ್ರೆ ಮುಂದಿನ ಶರತ್ಕಾಲದಿಂದ ನೋಡೋಣ.

ಹೊಸಸವಾರಳು

ಒಂಬತ್ತು ದಿನ ಆದ್ಮೇಲೆ ಬರೀತಿದೀನಿ. ಡಾಕ್ಟ್ರು ಹತ್ತಬಹುದು ಅಂದ್ರು. ಇವತ್ತು ಮಧ್ಯಾಹ್ನ ಮೈನಸ್ 13, ಗಾಳಿ ಇರಲಿಲ್ಲ. ಅರ್ಧ ಗಂಟೆ, ಬರೀ ನಡಿಗೆ.

ಎಷ್ಟು ನಿಶ್ಶಬ್ದ ಅಂದ್ರೆ ಹಿಮ ಕಿರುಗುಟ್ಟೋದು, ಅವಳ ಉಸಿರು, ಜೀನಿನ ಚರ್ಮ ಕಿರ್ ಅನ್ನೋದು, ಇಷ್ಟೇ ಕೇಳ್ತಿದ್ದದ್ದು. ವಾಪಸ್ ಬರೋವಾಗ ಅವಳ ಮೂತಿಯ ಒಂದೊಂದು ಮೀಸೆಗೂ ಬಿಳಿ ಮಣಿ ಪೋಣಿಸಿದ ಹಾಗೆ ಐಸ್, ರೆಪ್ಪೆ ಮೇಲೂ. ಜೂಲಿನ ಕೆಳಗೆ ಕೈಯಿಟ್ಟೆ, ಅಲ್ಲಿ ಒಲೆ ಪಕ್ಕದ ಗೋಡೆಯಷ್ಟು ಬೆಚ್ಚಗೆ. ಹಳೇಲಗಾಮು ಸರ್, ಒಂದು ಹನಿ ಬೆವರಿಲ್ಲ. ಬೆನ್ನ ಮೇಲೆ ಹಿಮ ಬಿದ್ರೆ ಈಗ ಗುಡಿಸಲ್ಲ. ಕಡಿವಾಣ ಕೋಟಿನೊಳಗೆ ಇಟ್ಕೊಂಡಿದ್ದೆ, ಕೋಟು ಪೂರ್ತಿ ಜೊಲ್ಲು.

ಬಂದ ಕೂಡಲೇ ಒಂದೂವರೆ ಬಕೆಟ್ ಕುಡಿದ್ಳು. ಅಳೆದು ಪುಸ್ತಕದಲ್ಲಿ ಬರೆದಿಟ್ಟಿದೀನಿ. ಒಂದೇ ಒಂದು ಚಿಂತೆ, ಹಿಂಗಾಲು ಎಡಗಡೆದು ಎರಡು ಸಲ ಜಾರಿತು. ಇನ್ನೂ ಬೇಸಿಗೆ ಲಾಳನೇ ಇದೆ.

ಲಾಳದವ

ಗೊರಸು ಎತ್ತಿ ತಳದ ಫೋಟೋ ಹಾಕ್ರಿ ತಂಗಿ. ನಾಕೂ ಕಾಲಿಂದು. ಅಲ್ಲೀತನಕ ಹತ್ತಬ್ಯಾಡ್ರಿ.